ಮರ ಮಗುಚೋಕೆ ಆಳು ಬೇಕಾಗಿದ್ದಾರೆ

"ಗಿಡಾ ಮಗಚಲಿಕ್ಕೆ ಬರಲಿಲ್ಲಂತ ನಮ್ಮ ಅನಿಗೆ ನೌಕರಿ ಕೊಡಲಿಲ್ಲಂತ ನೋಡ್ರಿ" ಅಂದ್ರು ರಾಯರು, ಮಜ್ಜಿಗೆ ಲೋಟ ಟೇಬಲ್ ಮೇಲೆ ಕುಕ್ಕಿ.

ಗಲ್ಲಾದಲ್ಲಿ ಕೂತಿದ್ದ ಶೆಟ್ರ ಕಿವಿ ನೆಟ್ಟಗಾಯ್ತು. "ಎಂಥ ಮರ ಮಾರಾಯ್ರೆ? ಹುಡುಗ ಎಂಎಸ್ಸಿ ಮಾಡಿದ್ದಲ್ವಾ, ತೋಟದ ಕೆಲ್ಸಕ್ಕೆ ಯಾಕೆ ಹೋದದ್ದು?"

ಅನಿ ತಲೆ ಎತ್ತಲಿಲ್ಲ. ರಾಯರ ತಂಗಿ ಮಗ, ಮುಂಬಯಿ ಯೂನಿವರ್ಸಿಟಿಯ ಕಲೀನಾ ಕ್ಯಾಂಪಸ್ಸಲ್ಲಿ ಫಿಸಿಕ್ಸ್ ಎಂಎಸ್ಸಿ ಮುಗಿಸಿದವನು, ಈಗ ದಿನಾ ಬೆಳಿಗ್ಗೆ ಎದ್ದು ಮೊಬೈಲಲ್ಲಿ 'ವಿ ರಿಗ್ರೆಟ್' ಅನ್ನೋ ಮೇಲ್ ಓದಿ ಹಲ್ಲುಜ್ಜೋದು ಅವನ ದಿನಚರಿ.

ತಿಂಗಳ ಮೂರನೇ ಭಾನುವಾರ. ರೂಪಾರೆಲ್ ಕಾಲೇಜಲ್ಲಿ ಕೊಲಾಬಾದ ವಿಜ್ಞಾನ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನವರು ನಡೆಸೋ 'ಚಾಯ್ ಅಂಡ್ ವೈ' ಕಾರ್ಯಕ್ರಮ ಮುಗಿಸ್ಕೊಂಡು, ಝೆಡ್ ಬ್ರಿಜ್ ಹತ್ತಿಳಿದು, ಮಾಟುಂಗಾ ಈಸ್ಟಲ್ಲಿ ಶೆಟ್ರ ಹೋಟೆಲಿಗೆ ಬಂದು ಊಟ ಮಾಡಿ ಎಲ್ರೂ ಹಾಗೇ ಕೂತಿದ್ರು. ಸೆಂಟ್ರಲ್ ಲೈನಲ್ಲಿ ಹಳಿ ರಿಪೇರಿಗೆ ಲೋಕಲ್ ಟ್ರೈನ್ ನಿಲ್ಸೋ ಮೆಗಾಬ್ಲಾಕು, ಡೊಂಬಿವಲಿಯವರಿಗೆ ಅವಸರ ಇಲ್ಲ, ಊಟದ ರಶ್ಶೂ ಇಳಿದಿತ್ತು ಅಂತ ಶೆಟ್ರೂ ಏಳಿ ಅನ್ಲಿಲ್ಲ. (ಆ ಕಾರ್ಯಕ್ರಮ 2009ರಿಂದ ನಡೀತಿದೆ, ವಿಜ್ಞಾನಿಗಳಿಗೆ ಯಾರು ಬೇಕಾದ್ರೂ ಏನು ಬೇಕಾದ್ರೂ ಕೇಳಬಹುದು. 'ಏನು ಬೇಕಾದ್ರೂ' ಅನ್ನೋದನ್ನ ರಾಯರು ಅಕ್ಷರಶಃ ಪಾಲಿಸ್ತಾರೆ.)

"ಬೈನರಿ ಟ್ರೀ ಶೆಟ್ರೇ, ಕಂಪ್ಯೂಟರಲ್ಲಿ ಮಾಹಿತಿ ಜೋಡಿಸಿಡೋ ಒಂದು ರೀತಿ. ಸಾಫ್ಟ್‌ವೇರ್ ಕೆಲಸದ ಇಂಟರ್ವ್ಯೂಲಿ ಕೇಳ್ತಾರೆ" ಅಂದ ನಾಣಿ. ಟಿಶ್ಯೂ ಪೇಪರ್ ಎಳ್ಕೊಂಡು ಪೆನ್ನಲ್ಲಿ ಒಂದು ಸೊನ್ನೆ, ಅದರ ಕೆಳಗೆ ಎರಡು ಸೊನ್ನೆ, ಅದರ ಕೆಳಗೆ ನಾಲ್ಕು, ಮಧ್ಯೆ ಗೆರೆ. "ಇದು ಮರ. ಮೇಲಿರೋದು ಬೇರು, ಕೆಳಗಿರೋದು ಎಲೆ."

"ಬೇರು ಮೇಲಾ? ಹಾಗಾದ್ರೆ ಇದು ಮೊದ್ಲೇ ಮಗುಚಿ ಉಂಟಲ್ಲ ಮಾರಾಯ್ರೆ!"

"ಊರ್ಧ್ವಮೂಲಮಧಃಶಾಖಮ್!" ರಾಯರು ಎದ್ದೇ ನಿಂತ್ರು. "ಗೀತಾ, ಹದಿನೈದನೇ ಅಧ್ಯಾಯ. ಬೇರು ಮ್ಯಾಲೆ, ಟೊಂಗಿ ಕೆಳಗ. ಕೃಷ್ಣ ಪರಮಾತ್ಮ ಕಂಪ್ಯೂಟರ್ ಸೈನ್ಸ್ ಹೇಳ್ಯಾನ್ರೀ, ನಮಗ ತಿಳೀಲಿಲ್ಲ ಅಷ್ಟ!"

"ಹೇಳಿದ್ದಾನೆ, ಆದ್ರೆ ಎರಡು ಶ್ಲೋಕ ಆದ್ಮೇಲೆ ಆ ಮರಾನ ಕಡಿದು ಹಾಕು ಅಂತಾನೂ ಹೇಳಿದ್ದಾನೆ ರಾಯರೇ. ಕೊಡಲಿ ಹಿಡ್ಕೊಂಡು ಇಂಟರ್ವ್ಯೂಗೆ ಹೋದ್ರೆ ಗೇಟಲ್ಲೇ ಸೆಕ್ಯುರಿಟಿಯವನು ತಡೀತಾನೆ" ಅಂದ ನಾಣಿ.

ಮಗುಚೋದು ಅಂದ್ರೆ ಇಷ್ಟೇ: ಎಡಗಡೆ ಕೊಂಬೆ ಬಲಕ್ಕೆ, ಬಲಗಡೆದು ಎಡಕ್ಕೆ, ಪ್ರತಿ ಕವಲಲ್ಲೂ ಹಾಗೇ ಮಾಡ್ತಾ ಕೆಳಗಿನ ತನಕ ಹೋಗೋದು. ಕನ್ನಡೀಲಿ ನೋಡಿದ ಹಾಗೆ. ಗೊತ್ತಿದ್ದವರಿಗೆ ಐದಾರು ಸಾಲಿನ ಕೋಡು. ನಾಣಿ ಅದನ್ನ ಟಿಶ್ಯೂ ಹಿಂದುಗಡೆ ಬರೆದು ತೋರಿಸಿದ, ಸಾಂಬಾರ್ ತಾಗಿ ಅರ್ಧ ಮರ ಅಳಿಸ್ಹೋಯ್ತು.

"ಸರಿ, ಮಗುಚಿ ಆಯ್ತು. ಈಗ ಇದ್ರಿಂದ ಎಂಥ ಮಾಡುದು?"

"ಅದೇ ಶೆಟ್ರೇ ಪಾಯಿಂಟು. ನಾನು ಕೋಬಾಲ್ ಅನ್ನೋ ಹಳೇ ಕಂಪ್ಯೂಟರ್ ಭಾಷೇಲಿ ಪ್ರೋಗ್ರಾಮ್ ಬರೆದೇ ರಿಟೈರ್ ಆದವನು. ಪ್ರೀಮಿಯಂ ತಪ್ಪು ಬರ್ತಿದೆ, ಸಂಬಳದ ಪಟ್ಟಿ ಟ್ಯಾಲಿ ಆಗ್ತಿಲ್ಲ, ರಾತ್ರಿ ಬ್ಯಾಚು ನಿಂತೋಯ್ತು, ಇಂಥವೆಲ್ಲ ಹೇಳ್ಕೊಂಡು ಜನ ಮಧ್ಯರಾತ್ರಿ ಫೋನ್ ಮಾಡ್ತಿದ್ರು. ಅರ್ಜೆಂಟಾಗಿ ಒಂದು ಮರ ಮಗುಚಿ ಕೊಡಿ ಅಂತ ಒಬ್ಬನೂ ಮಾಡ್ಲಿಲ್ಲ."

ಸೀನ ಇಷ್ಟೊತ್ತು ತಡ್ಕೊಂಡಿದ್ದೇ ದೊಡ್ಡದು. ಅವನು ನವಿ ಮುಂಬಯಿ ಕಡೆ ಯಾವ್ದೋ ಕಂಪನಿಗೆ ಹುಡುಗರನ್ನ ಹುಡುಕಿ ಕೊಡೋನು, ವಾರಕ್ಕೊಂದು ಹೊಸ ಸ್ಕಿಲ್ ಹೆಸರು ತಗೊಂಡು ಬರ್ತಾನೆ. "ಲೋ ನಾಣಿ, ಮರ ಮುಖ್ಯ ಅಲ್ವೋ. ಪ್ರಾಬ್ಲಮ್ ಸಾಲ್ವಿಂಗ್ ಹೇಗಿದೆ, ಥಾಟ್ ಪ್ರೋಸೆಸ್ ಹೇಗಿದೆ ಅಂತ ನೋಡೋಕೆ ಕೇಳೋದು."

"ಒಂದು ಕಾಲಕ್ಕೆ ಇತ್ತೇನೋ ಕಣೋ. ಈಗ ಪ್ರಶ್ನೆ ಮೊದಲೇ ಗೊತ್ತು, ಉತ್ತರ ಲೀಟ್‌ಕೋಡ್ ಅನ್ನೋ ಅಭ್ಯಾಸದ ವೆಬ್‌ಸೈಟಲ್ಲಿದೆ, ಹುಡುಗರು ಬಾಯಿಪಾಠ ಮಾಡ್ಕೊಂಡು ಬಂದು ಅಲ್ಲಿ ಗಡ್ಡ ಕೆರ್ಕೊಂಡು ಈಗ ತಾನೇ ಹೊಳೀತು ಅನ್ನೋ ಹಾಗೆ ಆಕ್ಟ್ ಮಾಡ್ತಾರೆ. ಕೇಳೋನಿಗೂ ಇವನು ಓದ್ಕೊಂಡು ಬಂದಿದ್ದಾನೆ ಅಂತ ಗೊತ್ತು, ಹೇಳೋನಿಗೂ ಅವನಿಗೆ ಗೊತ್ತು ಅಂತ ಗೊತ್ತು."

"ಜಾತಕ ನೋಡೋ ಹಾಗೆ" ಅಂದ್ರು ವಿಮಲಕ್ಕ. "ಹುಡುಗಿ ಒಪ್ಪಿಗೆ ಆಗಿದ್ರೆ ಗುಣ ಹೇಗಾದ್ರೂ ಕೂಡುತ್ತೆ, ಇಲ್ದಿದ್ರೆ ನಾಡಿದೋಷ."

"ಕರೆಕ್ಟ್ ವಿಮಲಕ್ಕ. ಹೋಮ್‌ಬ್ರ್ಯೂ ಅಂತ ಒಂದು ಸಾಫ್ಟ್‌ವೇರಿದೆ, ಮ್ಯಾಕ್ ಕಂಪ್ಯೂಟರ್ ಇಟ್ಕೊಂಡಿರೋ ಪ್ರೋಗ್ರಾಮರ್‌ಗಳಲ್ಲಿ ತುಂಬಾ ಜನ ಅದನ್ನೇ ಬಳಸೋದು. ಅದನ್ನ ಶುರು ಮಾಡಿದ ಮ್ಯಾಕ್ಸ್ ಹೋವೆಲ್ ಅನ್ನೋನು ಗೂಗಲ್‌ಗೆ ಇಂಟರ್ವ್ಯೂಗೆ ಹೋದ. ಬೋರ್ಡ್ ಮೇಲೆ ಇದೇ ಮರ ಮಗುಚೋಕೆ ಬರ್ಲಿಲ್ಲ ಅಂತ ವಾಪಸ್ ಕಳಿಸಿದ್ರು ಅಂತ 2015ರಲ್ಲಿ ಅವನೇ ಟ್ವಿಟರಲ್ಲಿ ಹಾಕ್ಕೊಂಡಿದ್ದ. ಗೂಗಲಲ್ಲಿ ಹೆಚ್ಚಿನವರು ಬಳಸ್ತಿದ್ದಿದ್ದು ಅವನ ಸಾಫ್ಟ್‌ವೇರೇ ಅಂತಾನೂ ಅದರಲ್ಲೇ ಬರ್ಕೊಂಡಿದ್ದ!"

"ನಮ್ಮ ಅಡುಗೆ ಭಟ್ರನ್ನ ಅವರ ಸಾರಿನ ಊಟಕ್ಕೇ ಒಳಗೆ ಬಿಡದ ಹಾಗೆ ಆಯ್ತು" ಅಂದ್ರು ಶೆಟ್ರು. ಅವರಿಗೆ ಈಗ ವಿಷಯ ಹಿಡಿಸ್ತಾ ಇತ್ತು.

ಅಷ್ಟರಲ್ಲಿ ರಾಯರು ಬೇರೆ ಹಳಿ ಹಿಡಿದಿದ್ರು. "ಇವೆಲ್ಲಾ ಇಂಗ್ಲೀಷ್ ಭಾಷಾದಿಂದ ಆಗೂ ಗೊಂದಲರೀ. ಕಂಪ್ಯೂಟರ್‌ಗೆ ಸಂಸ್ಕೃತಾನ ಅತ್ಯಂತ ಯೋಗ್ಯ ಭಾಷಾ ಅಂತ ನಾಸಾದವರ ಹೇಳ್ಯಾರ. ಮೊನ್ನೆ ನಮ್ಮ ಗ್ರೂಪಿನ್ಯಾಗ ಮತ್ತ ಬಂದಿತ್ತು. ಇವತ್ತ ಆ ವಿಜ್ಞಾನಿಗೂ ಕೇಳಿದೆ, ನಕ್ಕು ಮುಂದ ಹೋಗಿಬಿಟ್ಟಾ."

ನಾಣಿ ಕಣ್ಣು ಮುಚ್ಚಿ ಒಂದು ಉಸಿರು ಬಿಟ್ಟ. "ರಾಯರೇ, ಆ ಮೆಸೇಜಿಗಿಂತ ಹಳೇದು ಅದರ ಕಥೆ. ರಿಕ್ ಬ್ರಿಗ್ಸ್ ಅಂತ ನಾಸಾದ ಏಮ್ಸ್ ಕೇಂದ್ರದಲ್ಲಿದ್ದೋರು, 1985ರಲ್ಲಿ ಎಐ ಮ್ಯಾಗಜೀನ್ ಅನ್ನೋ ಪತ್ರಿಕೇಲಿ ಒಂದು ಲೇಖನ ಬರೆದ್ರು. ನಮ್ಮ ವೈಯಾಕರಣರು ಒಂದು ವಾಕ್ಯಾನ ಬಿಡಿಸಿ, ಯಾರು ಮಾಡಿದ, ಯಾವುದರಿಂದ ಮಾಡಿದ, ಯಾರಿಗೋಸ್ಕರ ಮಾಡಿದ ಅಂತ ಅರ್ಥ ಬಿಚ್ಚಿಡ್ತಿದ್ರಲ್ಲ, ಆ ಪದ್ಧತಿಗೂ ಕಂಪ್ಯೂಟರಿಗೆ ಅರ್ಥ ತಿಳಿಸೋ ಪದ್ಧತಿಗೂ ಹೋಲಿಕೆ ಇದೆ ಅಂತ. ಒಳ್ಳೇ ಮಾತೇ. ಸಂಸ್ಕೃತದಲ್ಲಿ ಪ್ರೋಗ್ರಾಮ್ ಬರೀರಿ ಅಂತ ಅಲ್ಲಿಲ್ಲ. ನಾಸಾ ಅನ್ನೋ ಸಂಸ್ಥೆ ತೀರ್ಮಾನ ಮಾಡಿ ಸುತ್ತೋಲೆ ಹೊರಡಿಸಿದ್ದೂ ಅಲ್ಲ."

"ಅಂದ್ರ ಪಾಣಿನಿ ಸುಳ್ಳಾ?"

"ಪಾಣಿನಿ ಯಾಕೆ ಸುಳ್ಳಾಗ್ತಾನೆ? ಕಂಪ್ಯೂಟರ್ ಭಾಷೆಗಳ ವ್ಯಾಕರಣ ಬರೆಯೋ ಒಂದು ರೀತಿಗೆ ಬ್ಯಾಕಸ್ ಅನ್ನೋರ ಹೆಸರಿತ್ತು, ಇದಕ್ಕೆ ಪಾಣಿನಿ ಹೆಸರೂ ಸೇರಿಸ್ಬೇಕು ಅಂತ 1967ರಲ್ಲೇ ಇಂಗರ್‌ಮನ್ ಅಂತ ಒಬ್ರು ಪತ್ರ ಬರೆದಿದ್ರು. ಅದನ್ನ ಯಾರೂ ಫಾರ್ವರ್ಡ್ ಮಾಡಲ್ಲ ನೋಡಿ, ನಿಜ ಆಗಿರೋದಕ್ಕೆ ಅಷ್ಟು ರುಚಿ ಇರಲ್ಲ. ಹೋಗ್ಲಿ, ನಿಮ್ಮ ಸೊಸೈಟಿಗೆ ಪೂಜೆಗೆ ಬರೋ ಭಟ್ರಿಗೆ ಅಷ್ಟು ಸಂಸ್ಕೃತ ಬರುತ್ತಲ್ಲ, ನಾಸಾದಿಂದ ಕಾಲ್ ಲೆಟರ್ ಬಂತಾ?"

"ಅವರಿಗೂ ಗಿಡಾ ಮಗಚಲಿಕ್ಕೆ ಬರೋದಿಲ್ಲ ಬಿಡ್ರಿ" ಅಂತ ರಾಯರು ಕೂತ್ಕೊಂಡ್ರು.

ಸೀನ ಅನಿ ಕಡೆ ತಿರುಗಿದ. ಅವನಿಗೆ ಉಪದೇಶಕ್ಕೆ ಯಾರಾದ್ರೂ ಬೇಕೇ ಬೇಕು. "ನೋಡಪ್ಪಾ ಅನಿ, ಫಿಸಿಕ್ಸ್ ಗಿಸಿಕ್ಸ್ ಎಲ್ಲ ಸಿವೀಲಿ ಕೆಳಗೆ ಹಾಕು. ಮೇಲೆ ಪೈಥಾನ್, ಮಷಿನ್ ಲರ್ನಿಂಗ್, ಕ್ಲೌಡ್, ಪ್ರಾಂಪ್ಟ್ ಇಂಜಿನಿಯರಿಂಗ್. ಈಗ ತುಂಬಾ ಕಡೆ ಸಿವೀನ ಮೊದಲು ಮನುಷ್ಯರು ಓದಲ್ಲ, ಎಟಿಎಸ್ ಅಂತ ಸಾಫ್ಟ್‌ವೇರ್ ಓದುತ್ತೆ, ಅದಕ್ಕೆ ಬೇಕಾದ ಪದ ಇಲ್ದಿದ್ರೆ ಎಷ್ಟೋ ಸಲ ಅಲ್ಲೇ ಔಟ್. ಒಂದು ಟ್ರಿಕ್ ಇದೆ, ಆ ಪದಗಳನ್ನೆಲ್ಲ ಬಿಳಿ ಅಕ್ಷರದಲ್ಲಿ ಬರೆದುಬಿಡು. ಕಣ್ಣಿಗೆ ಕಾಣಲ್ಲ, ಮಷಿನ್‌ಗೆ ಕಾಣುತ್ತೆ."

"ಬಿಳಿ ಹಾಳೆ ಮೇಲೆ ಬಿಳಿ ಅಕ್ಷರ" ಶೆಟ್ರು ತಲೆ ಆಡಿಸಿದ್ರು. "ನಾವು ಬಿಲ್ಲಲ್ಲಿ ಹಾಗೆ ಬರೆದ್ರೆ ಪೊಲೀಸ್ ಬರ್ತಾರೆ."

"ಅಷ್ಟೂ ಕಷ್ಟ ಬೇಡ, ಚಾಟ್‌ಜಿಪಿಟಿಗೆ ಹೇಳಿದ್ರೆ ಸಿವೀನೂ ಅದೇ ಬರೆದುಕೊಡುತ್ತೆ" ಅಂದ ಸೀನ.

"ಹೂಂ" ಅಂದ ನಾಣಿ. "ಕಂಪ್ಯೂಟರೇ ಬರೆದ ಸಿವೀನ ಕಂಪ್ಯೂಟರೇ ಓದಿ ಕಂಪ್ಯೂಟರೇ ರಿಜೆಕ್ಟ್ ಮಾಡುತ್ತೆ. ಬೇಜಾರು ಮಾಡ್ಕೊಳ್ಳೋಕೆ ಮಾತ್ರ ಇನ್ನೂ ಮನುಷ್ಯರೇ ಬೇಕು. ಆ ಒಂದು ಪೋಸ್ಟು ಖಾಯಂ."

ಅನಿ ನಕ್ಕ. ಬಂದಾಗಿನಿಂದ ಮೊದಲ ಸಲ.

"ಅನುಭವ ಕೇಳ್ತಾರಲ್ಲ ಅಂಕಲ್, ಅದೇ ದೊಡ್ಡ ತಲೆನೋವು. ಫ್ರೆಶರ್ ಪೋಸ್ಟಿಗೆ ಮೂರು ವರ್ಷ ಅನುಭವ ಬೇಕಂತೆ" ಅಂದ.

"ನಿನ್ನೊಬ್ಬನದೇ ಅಲ್ಲ ಬಿಡು. ಫಾಸ್ಟ್‌ಎಪಿಐ ಅಂತ ಪ್ರೋಗ್ರಾಮರ್‌ಗಳು ಬಳಸೋ ಒಂದು ಸಾಫ್ಟ್‌ವೇರ್ ಇದ್ಯಲ್ಲ, ಅದನ್ನ ಮಾಡಿದ ಸೆಬಾಸ್ಟಿಯನ್ ರಮಿರೆಸ್‌ಗೆ 2020ರಲ್ಲಿ ಒಂದು ಜಾಹೀರಾತು ಕಣ್ಣಿಗೆ ಬಿತ್ತಂತೆ. ಫಾಸ್ಟ್‌ಎಪಿಐಯಲ್ಲಿ ನಾಲ್ಕು ವರ್ಷಕ್ಕಿಂತ ಜಾಸ್ತಿ ಅನುಭವ ಬೇಕು ಅಂತ. ಅವನು ಅದನ್ನ ಹುಟ್ಟಿಸಿ ಒಂದೂವರೆ ವರ್ಷ ಆಗಿತ್ತು ಅಷ್ಟೇ. ಹೆತ್ತ ತಾಯಿಗೇ ಅನುಭವ ಸಾಲ್ದು!" ಅಂದ ನಾಣಿ.

ಇಲ್ಲಿಂದ ಮಾತು ಕೊಲಾಬಾಕ್ಕೆ ಹೋಯ್ತು. ನಾಣಿಗೆ ಟಿಐಎಫ್‌ಆರ್ ಅಂದ್ರೆ ಒಂಥರಾ ಭಕ್ತಿ. ಅಲ್ಲಿ ನರಸಿಂಹನ್ ಅನ್ನೋರ ತಂಡ ಟಿಫ್ರ್ಯಾಕ್ ಅಂತ ಕಂಪ್ಯೂಟರ್ ಕಟ್ಟಿತ್ತು, 1960ರಲ್ಲಿ ಅದು ಕೆಲಸ ಶುರು ಮಾಡ್ತು, ಹಳೇ ರೇಡಿಯೋದಲ್ಲಿ ಇರ್ತಿದ್ವಲ್ಲ ಅಂಥ ವಾಲ್ವುಗಳ ಮೇಲೆ ನಡೀತಿದ್ದ ಮಷಿನ್ನು. "ಆಗ ಯಾರಾದ್ರೂ 'ಕಂಪ್ಯೂಟರ್ ಕಟ್ಟಿ ಐದು ವರ್ಷ ಅನುಭವ ಇರೋರು ಅರ್ಜಿ ಹಾಕಿ' ಅಂದಿದ್ರೆ ಆ ರೂಮಲ್ಲಿ ಇವತ್ತಿಗೂ ಬರೀ ಫ್ಯಾನ್ ತಿರುಗ್ತಿರ್ತಿತ್ತು. ಕಟ್ಟೋಕೆ ಬರುತ್ತೆ ಅಂತ ತಗೊಂಡಿದ್ದಲ್ಲ ಕಣೋ ಸೀನ, ಕಟ್ತಾ ಕಟ್ತಾ ಕಲಿತಾರೆ ಅಂತ ತಗೊಂಡಿದ್ದು."

"ನಿಮ್ಮದೂ ಹಾಗೇ ಆಯ್ತಾ?" ವಿಮಲಕ್ಕ ಕೇಳಿದ್ರು.

"ನಂದಾ? ವೈಟೂಕೆ ಕಾಲ ಅಕ್ಕಾ. ವರ್ಷಾನ ಎರಡೇ ಅಂಕೀಲಿ ಬರೆದಿಟ್ಟಿದ್ರಲ್ಲ, 99 ಆದ್ಮೇಲೆ 00 ಬಂದ್ರೆ ಮಷಿನ್ನು 1900 ಅನ್ಕೊಳ್ಳುತ್ತೆ ಅಂತ ಲೋಕವೆಲ್ಲ ಬೆವೆತಿತ್ತು. 1959ರಲ್ಲಿ ಹುಟ್ಟಿದ ಕೋಬಾಲು, ಅದನ್ನ ಬರೆದವರು ರಿಟೈರ್ ಆಗಿ ಮನೆ ಸೇರಿದ್ರು, ಕೈಗೆ ಸಿಕ್ಕ ಹುಡುಗರನ್ನೆಲ್ಲ ಎಳ್ಕೊಂಡ್ರು. ನನ್ನ ಇಂಟರ್ವ್ಯೂನಲ್ಲಿ ಕೇಳಿದ್ದು ಒಂದೇ ಪ್ರಶ್ನೆ, ಪಾಸ್‌ಪೋರ್ಟ್ ಇದ್ಯಾ ಅಂತ."

"ಅದಕ್ಕೇ ನಿನ್ಗೆ ಮರ ಕಂಡ್ರೆ ಆಗಲ್ಲ" ಅಂದ ಸೀನ. ಈ ಮಾತಿಗೆ ನಾಣಿ ಹತ್ರ ತಕ್ಷಣಕ್ಕೆ ಉತ್ತರ ಇರ್ಲಿಲ್ಲ, ಕಾಫಿ ಹೇಳಿದ.

ಕಾಫಿ ಬರೋವರೆಗೆ ಐನ್‌ಸ್ಟೈನ್ ಬಂದ್ರು. ತಂದಿದ್ದು ಅನಿ. ಡಿಗ್ರಿ ಆದ್ಮೇಲೆ ಐನ್‌ಸ್ಟೈನ್‌ಗೂ ಎಲ್ಲೂ ಪಾಠ ಹೇಳೋ ಖಾಯಂ ಕೆಲಸ ಸಿಗ್ಲಿಲ್ಲ, ಕೊನೆಗೆ ಜೊತೆಗೆ ಓದಿದ ಗ್ರಾಸ್‌ಮನ್ ತನ್ನಪ್ಪನ ಕೈಲಿ ಶಿಫಾರಸು ಮಾಡಿಸಿ ಬರ್ನ್ ಪೇಟೆಂಟ್ ಆಫೀಸಿಗೆ ಸೇರಿಸಿದ್ದು, 1902ರಲ್ಲಿ, ಮೂರನೇ ದರ್ಜೆ ಟೆಕ್ನಿಕಲ್ ಎಕ್ಸ್‌ಪರ್ಟ್. ಯಂತ್ರಶಾಸ್ತ್ರ ಪೂರ್ತಿ ಕೈವಶ ಆಗೋವರೆಗೂ ಪ್ರಮೋಷನ್ ಇಲ್ಲ ಅಂದಿದ್ರು. 1905ರಲ್ಲಿ ರಿಲೇಟಿವಿಟಿ ಬರೆದ್ರು, 1906ರಲ್ಲಿ ಎರಡನೇ ದರ್ಜೆ ಆಯ್ತು.

"ರೆಫರಲ್!" ಸೀನ ಟೇಬಲ್ ಕುಟ್ಟಿದ. "ನಾನು ಹೇಳೋದು ಅದೇ. ರೆಫರಲ್ ಇಲ್ದೆ ಐನ್‌ಸ್ಟೈನ್‌ಗೂ ಆಗ್ಲಿಲ್ಲ!"

"ನಿನ್ನ ಕಿವಿಗೆ ಅಷ್ಟೇ ಬಿತ್ತಾ?" ಅಂದ ನಾಣಿ. "ನಮ್ಮ ರಾಮನ್ ತಗೋ. ಕಲ್ಕತ್ತಾದಲ್ಲಿ ಸರ್ಕಾರದ ಲೆಕ್ಕಪತ್ರದ ಆಫೀಸರು. ಆಫೀಸಿಗೆ ಮುಂಚೆ, ಆಫೀಸಾದ ಮೇಲೆ ಲ್ಯಾಬು. 1917ರಲ್ಲಿ ಆ ಒಳ್ಳೇ ನೌಕರಿ ಬಿಟ್ಟು ಕಡಿಮೆ ಸಂಬಳದ ಪ್ರೊಫೆಸರ್ ಕೆಲಸಕ್ಕೆ ಸೇರಿದ್ರು, 1930ರಲ್ಲಿ ನೊಬೆಲ್ ಬಂತು. ಅವರ ಸಿವೀನ ನಿನ್ನ ಎಟಿಎಸ್‌ಗೆ ಹಾಕು. ಜಿಎಸ್‌ಟಿ ಫೈಲಿಂಗ್ ಬರುತ್ತಾ ಅಂತ ಕೇಳುತ್ತೆ."

ಶೆಟ್ರು ಗಲ್ಲಾ ಬಿಟ್ಟು ಬಂದು ಕುರ್ಚಿ ಎಳ್ಕೊಂಡು ಕೂತ್ರು. ಇದು ಅಪರೂಪ. "ನಾನು ಕುಂದಾಪುರದಿಂದ ಬಂದು ಫೋರ್ಟಲ್ಲಿ ಕ್ಲೀನರ್ ಆಗಿದ್ದಾಗ ರಾತ್ರಿ ಶಾಲೆಗೆ ಹೋಗ್ತಿದ್ದೆ ಗೊತ್ತುಂಟಲ್ಲ. ಹಗಲಿಡೀ ಟೇಬಲ್ ಒರೆಸಿ, ರಾತ್ರಿ ಬೆಂಚಲ್ಲಿ ಕೂತ್ರೆ ಕಣ್ಣು ಎಳೀತಿತ್ತು. ವಿಜ್ಞಾನದ ಮಾಸ್ಟ್ರು ಬಂದ್ರೆ ಮಾತ್ರ ನಿದ್ದೆ ಇಲ್ಲ. ಆದ್ರೆ ಲ್ಯಾಬ್ ಎಂಥದೂ ಇರ್ಲಿಲ್ಲ, ಎಲ್ಲ ಬೋರ್ಡಲ್ಲೇ. ಆಸಿಡ್ಡಿಗೆ ಹಾಕಿದ್ರೆ ನೀಲಿ ಲಿಟ್ಮಸ್ ಕೆಂಪಾಗ್ತದೆ ಅಂತ ಬರ್ದು ಮಾರ್ಕು ತಗೊಂಡೆ. ಲಿಟ್ಮಸ್ ಕಣ್ಣಲ್ಲಿ ನೋಡಿದ್ದು ಮಗಳ ಕಾಲೇಜಿನ ಎಕ್ಸಿಬಿಷನ್‌ಗೆ ಹೋದಾಗ. ಅಷ್ಟು ಚಿಕ್ಕ ಕಾಗದ ಅಂತ ಗೊತ್ತೇ ಇರ್ಲಿಲ್ಲ. ನಾನು ಕರವಸ್ತ್ರದಷ್ಟು ದೊಡ್ಡದು ಅಂತ ತಿಳ್ಕೊಂಡಿದ್ದೆ."

ಯಾರೂ ನಗ್ಲಿಲ್ಲ. ಶೆಟ್ರೇ ನಕ್ರು.

ಒಳಗೆ ಸಂಜೆ ಟಿಫಿನ್‌ಗೆ ಕಾವಲಿ ಹಚ್ಚಿದ್ರು. ಜಗಲಿಯಷ್ಟು ಉದ್ದದ ಕಬ್ಬಿಣದ ಕಾವಲಿ. ದೋಸೆ ಮಾಡೋ ರಾಜು ಮಗ್ಗಿಂದ ನೀರು ಚಿಮುಕಿಸ್ದ, ಹನಿಗಳು ಚುಂಯ್ ಅಂತ ಸಾಯೋ ಬದ್ಲು ಪಾದರಸದ ಗುಂಡಿನ ಹಾಗೆ ಉರುಳ್ತಾ ಕಾವಲಿ ತುಂಬಾ ಓಡಾಡಿದ್ವು.

ಅನಿ ಎದ್ದು ಅಡುಗೆಮನೆ ಬಾಗಿಲಿಗೆ ಹೋದ. "ತುಂಬಾ ಕಾದಿದೆ ಅಲ್ವಾ?"

"ಹೌದು, ಈಗ ಹಿಟ್ಟು ಹಾಕಿದ್ರೆ ಹರಡುದಿಲ್ಲ, ಬಟ್ಟಲಿಗೇ ಅಂಟಿ ಎದ್ದು ಬರ್ತದೆ" ಅಂದ ರಾಜು. ಇನ್ನೊಂದಿಷ್ಟು ನೀರು ಹುಯ್ದು ಹಿಡಿಸೂಡಿಯಿಂದ ಬರಬರ ಗುಡಿಸಿದ. "ಹನಿ ಓಡಿದ್ರೆ ಬೆಂಕಿ ಜಾಸ್ತಿ. ಬಿದ್ದಲ್ಲೇ ಚುಂಯ್ ಅಂದ್ರೆ ಸರಿ ಉಂಟು."

"ಅದು ಯಾಕೆ ಓಡುತ್ತೆ ಗೊತ್ತಾ?" ಹುಡುಗನ ಧ್ವನಿಯೇ ಬೇರೆ ಆಯ್ತು. "ಕಾವಲಿ ನೂರು ಡಿಗ್ರಿ ದಾಟಿ ಸ್ವಲ್ಪ ಮೇಲಿದ್ರೆ ನೀರು ಕಬ್ಬಿಣಕ್ಕೆ ನೇರ ತಾಗಿ ತಕ್ಷಣ ಆವಿ ಆಗುತ್ತೆ. ಇನ್ನೂರರ ಆಚೀಚೆ ಹೋದ್ರೆ ಹನಿ ಕೆಳಗೆ ಮೊದಲೇ ಆವಿದೊಂದು ತೆಳು ಪದರ ಹುಟ್ಕೊಳ್ಳುತ್ತೆ, ಹನಿ ಅದರ ಮೇಲೆ ತೇಲುತ್ತೆ, ಕಾವಲಿಗೆ ತಾಗೋದೇ ಇಲ್ಲ. ಆವಿ ಮೂಲಕ ಶಾಖ ಬೇಗ ದಾಟಲ್ಲ, ಹಾಗಾಗಿ ಜಾಸ್ತಿ ಬಿಸಿ ಇರೋ ಕಡೆ ಹನಿ ಜಾಸ್ತಿ ಹೊತ್ತು ಬದುಕುತ್ತೆ! ಲೈಡನ್‌ಫ್ರಾಸ್ಟ್ ಅಂತ ಒಬ್ಬ ಜರ್ಮನ್ ಡಾಕ್ಟ್ರು, 1756ರಲ್ಲೇ, ಕೆಂಪಗೆ ಕಾಸಿದ ಕಬ್ಬಿಣದ ಚಮಚದಲ್ಲಿ ಒಂದೊಂದೇ ಹನಿ ಬಿಟ್ಟು ಎಷ್ಟು ಹೊತ್ತು ಇರುತ್ತೆ ಅಂತ ನೋಡ್ತಾ ಕೂತಿದ್ರು. ಇನ್ನೊಂದ್ಸಲ ಹಾಕಿ, ಈ ಮೂಲೇಲಿ, ಇಲ್ಲಿ ಉರಿ ಕಡಿಮೆ."

ರಾಜು ಹಾಕಿದ. ಆ ಮೂಲೇಲಿ ಚುಂಯ್, ಮಧ್ಯದಲ್ಲಿ ಓಟ. ಇಬ್ರೂ ಬಗ್ಗಿ ಬಗ್ಗಿ ನೋಡಿದ್ರು. ಹೊರಗಡೆ ಟೇಬಲ್ಲಿಂದ ಮೂರು ಮಸಾಲೆ, ಒಂದು ಮೈಸೂರ್ ಅಂತ ಆರ್ಡರ್ ಕೂಗ್ತಿದ್ರೂ ರಾಜು ಲಕ್ಷ್ಯ ಕೊಡ್ಲಿಲ್ಲ, ಶೆಟ್ರೂ ಬಯ್ಯಲಿಲ್ಲ, ಎದ್ದು ಹೋಗಿ ಅವರ ಹಿಂದೆ ನಿಂತು ತಾವೂ ಇಣುಕಿದ್ರು.

"ಇದನ್ನ ಇಂಟರ್ವ್ಯೂನಲ್ಲಿ ಹೇಳ್ಬೇಕಿತ್ತೋ ಅನಿ" ಅಂದ್ರು ವಿಮಲಕ್ಕ.

"ಕೇಳಲಿಲ್ಲ ಆಂಟಿ."

ರಾಯರು ಕನ್ನಡಕ ಒರೆಸಿಕೊಂಡ್ರು. ಸೀನ ಮಾತ್ರ ಸ್ವಲ್ಪ ಯೋಚ್ನೆ ಮಾಡಿ, "ಥರ್ಮಲ್ ಅನಾಲಿಸಿಸ್ ಅಂತ ಹಾಕಬಹುದು, ಸ್ಕಿಲ್ಸ್ ಕಾಲಮಲ್ಲಿ" ಅಂದ.

ಬಿಲ್ ಕೊಡೋವಾಗ ಶೆಟ್ರು ಕೇಳಿಯೇ ಬಿಟ್ರು. "ಅಲ್ಲ ಮಗಾ, ಇಷ್ಟೆಲ್ಲ ರೌಂಡು, ಮರ, ಗಿರ. ಪಾಸಾದ್ರೆ ತಿಂಗಳಿಗೆ ಎಷ್ಟು ಕೊಡ್ತಾರೆ?"

"ಕೈಗೆ ಇಪ್ಪತ್ತೈದು ಸಾವಿರ ಬರುತ್ತೆ ಅಂಕಲ್. ರೂಮು ಊಟ ನಮ್ದೇ."

ಶೆಟ್ರು ಅಡುಗೆಮನೆ ಕಡೆ ನೋಡಿ ಧ್ವನಿ ತಗ್ಗಿಸಿದ್ರು. "ಮೆಲ್ಲ ಹೇಳು ಮಾರಾಯ, ರಾಜು ಕೇಳಿಸ್ಕೊಂಡ್ರೆ ನಗ್ತಾನೆ. ಅವನಿಗೆ ಅದಕ್ಕಿಂತ ಜಾಸ್ತಿ ಕೊಡ್ತೇನೆ, ಊಟ, ರೂಮು ಬೇರೆ, ವರ್ಷಕ್ಕೊಮ್ಮೆ ಊರಿಗೆ ಟಿಕೇಟು."

"ಅವನಿಗೆ ಎಷ್ಟು ರೌಂಡ್ ಇಂಟರ್ವ್ಯೂ ಮಾಡಿದ್ರಿ ಶೆಟ್ರೇ?" ನಾಣಿ ಕೇಳಿದ.

"ಒಂದೇ. ನಾಲ್ಕು ದೋಸೆ ಹಾಕು ಅಂದೆ, ಹಾಕಿದ, ತಿಂದೆ. ಮಗುಚಲಿಕ್ಕೆ ಅವನಿಗೂ ಬರುದಿಲ್ಲ, ನಮ್ಮದು ಒಂದೇ ಕಡೆ ಬೇಯಿಸುದು."